ಸೀಟಿಗಾಗಿ ಕಾಯುವ ಮಕ್ಕಳು: ಕಾಫಿ ಸೀಮೆಯ ಮಳೆಗಾಲದ ಇನ್ನೊಂದು ಚಿಂತೆ

ಜೂನ್ ಕಳೆದು ಜುಲೈ ಹಿಡಿಯಿತೆಂದರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಇಬ್ಬರು ಎದುರಾದಾಗ ಮೊದಲು ಕೇಳುವ ಪ್ರಶ್ನೆ ‘ನಿಮ್ಮಲ್ಲಿ ಎಷ್ಟು ಇಂಚಾಯ್ತು?’ ಎಂಬುದು. ಭಾನುವಾರದ ಬಲಿಪೂಜೆ ಮುಗಿದು ಇಗರ್ಜಿಯ ಮೆಟ್ಟಿಲಲ್ಲಿ ಕೊಡೆ ಬಿಚ್ಚುವ ಹೊತ್ತಿಗೆ ಎರಡನೆಯ ಪ್ರಶ್ನೆಯೂ ಬರುತ್ತದೆ: ‘ಮಗಳಿಗೆ ಎಲ್ಲಿ ಸೀಟಾಯ್ತು?’ ಮಳೆಯ ಪ್ರಶ್ನೆಗೆ ಇಂಚು, ಸೆಂಟಿನ ಲೆಕ್ಕದಲ್ಲಿ ಉತ್ತರವಿದೆ. ಎರಡನೆಯದಕ್ಕೆ ‘ಇನ್ನೂ ಆಗಿಲ್ಲ, ಕಾಯ್ತಾ ಇದ್ದೇವೆ’ ಎನ್ನುವಾಗ ತಾಯಿಯ ದನಿ ತಗ್ಗುತ್ತದೆ. ಪಕ್ಕದಲ್ಲಿ ನಿಂತ ಮಗಳು ಮುಖ ತಿರುಗಿಸಿ ಮಳೆ ನೋಡುತ್ತಾಳೆ.

ಕೇಳಿದವರದ್ದು ಕೆಟ್ಟ ಮನಸ್ಸೇನೂ ಅಲ್ಲ. ಆದರೆ ಆ ಹುಡುಗಿಗೆ ಅದು ಆ ವಾರದ ಹತ್ತನೆಯ ಅಥವಾ ಹದಿನೈದನೆಯ ಪ್ರಶ್ನೆ. ದ್ವಿತೀಯ ಪಿಯುಸಿ ಮುಗಿಸಿ, ಪ್ರವೇಶ ಪರೀಕ್ಷೆ ಬರೆದು, ರ್‍ಯಾಂಕ್ ಹಿಡಿದುಕೊಂಡು, ಯಾವ ಊರಿನ ಯಾವ ಕಾಲೇಜು ತನ್ನನ್ನು ಕರೆಯುತ್ತದೆಂದು ತಿಳಿಯದೆ ಮನೆಯಲ್ಲಿ ಕುಳಿತ ಮಕ್ಕಳು ನಮ್ಮ ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇದ್ದಾರೆ. ಪರೀಕ್ಷೆಯ ಒತ್ತಡದ ಬಗ್ಗೆ ನಾವು ಬೇಕಾದಷ್ಟು ಮಾತನಾಡಿದ್ದೇವೆ. ಪರೀಕ್ಷೆ ಮುಗಿದ ಮೇಲಿನ ಈ ಕಾಯುವಿಕೆಯ ಬಗ್ಗೆ ಮಾತನಾಡಿದ್ದು ಕಡಿಮೆ. ಆ ಬಗ್ಗೆ ಇಲ್ಲಿ ಸ್ವಲ್ಪ ಯೋಚಿಸಲು ಬಯಸುತ್ತೇವೆ.

ಕಾಯುವುದು ಎಲ್ಲರಿಗೂ ಒಂದೇ ಅಲ್ಲ

ಕಾಫಿ ಬೆಳೆಯುವವರಿಗೆ ಕಾಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಕೊಯ್ಲು ಮುಗಿದು ಗಿಡ ಬರಿದಾದ ಮೇಲೆ ಎಲ್ಲರ ಕಣ್ಣೂ ಆಕಾಶದ ಮೇಲೆ. ಹೂಮಳೆ ಸಕಾಲಕ್ಕೆ ಬಿದ್ದರೆ ವಾರ, ಹತ್ತು ದಿನದಲ್ಲಿ ತೋಟ ಬೆಳ್ಳಗಾಗುತ್ತದೆ. ಬೀಳದಿದ್ದರೆ ಆ ವರ್ಷದ ಕಥೆಯೇ ಬೇರೆ. ಆದರೆ ಒಂದು ವಿಷಯ ಎಲ್ಲ ಬೆಳೆಗಾರರಿಗೂ ಗೊತ್ತು. ಕೆರೆ, ಪಂಪ್‌ಸೆಟ್, ಸ್ಪ್ರಿಂಕ್ಲರ್ ಪೈಪು ಇರುವವರು ರೊಬಸ್ಟಾ ಗಿಡಕ್ಕೆ ತಾವೇ ನೀರು ಹಾಯಿಸಿ ಹೂ ಬಿಡಿಸುತ್ತಾರೆ. ಅದೇ ಬೇಲಿಯ ಆಚೆ ಎರಡೆಕರೆ ಇಟ್ಟುಕೊಂಡವನು ಮಾತ್ರ ಮೋಡ ನೋಡುತ್ತಾ ನಿಲ್ಲಬೇಕು. ಇಬ್ಬರೂ ಕಾಯುವವರೇ. ಆದರೆ ಆ ಎರಡು ಕಾಯುವಿಕೆಗಳ ಭಾರ ಒಂದೇ ಅಲ್ಲ.

ಸೀಟಿನ ವಿಷಯವೂ ಹೀಗೆಯೇ ಆಗಿದೆ. ಹಣವಿರುವ ಮನೆಯಲ್ಲಿ ಮಗು ಹತ್ತನೆಯ ತರಗತಿಯ ಪರೀಕ್ಷೆ ಬರೆಯುವ ಮುನ್ನವೇ ಘಟ್ಟದ ಕೆಳಗಿನ ಯಾವುದೋ ವಸತಿ ಪಿಯು ಕಾಲೇಜಿನಲ್ಲಿ ಮುಂಗಡ ಕಟ್ಟಿ ಸೀಟು ಹಿಡಿದಿಟ್ಟಾಗಿರುತ್ತದೆ. ಪಿಯುಸಿ ಮುಗಿಯುವಾಗಲೂ ಅಷ್ಟೇ. ಸರ್ಕಾರಿ ಸೀಟಿನ ಪಟ್ಟಿ ಬರುವ ಮೊದಲೇ ಒಂದು ಮ್ಯಾನೇಜ್‌ಮೆಂಟ್ ಸೀಟಿನ ಭರವಸೆ ಕೈಯಲ್ಲಿರುತ್ತದೆ. ಅಂಥ ಮಗುವೂ ಕಾಯುತ್ತದೆ, ಆದರೆ ಅದರ ಕಾಲ ಕೆಳಗೆ ನೆಲವಿದೆ. ತೋಟದ ಲೈನ್ ಮನೆಯಲ್ಲಿ ಬೆಳೆದ ಹುಡುಗನಿಗೆ, ಸಣ್ಣ ಬೆಳೆಗಾರನ ಮಗಳಿಗೆ, ರೈಟರ್ ಕೆಲಸ ಮಾಡುವವರ ಮಕ್ಕಳಿಗೆ ಆ ನೆಲವಿಲ್ಲ. ಅವರಿಗೆ ಬರುವುದಾದರೆ ಸರ್ಕಾರಿ ಶುಲ್ಕದ ಸೀಟೇ ಬರಬೇಕು, ಇಲ್ಲವಾದರೆ ಓದಿನ ದಾರಿಯೇ ಬದಲಾಗುತ್ತದೆ.

ಇದು ನಮ್ಮ ಊರಿನ ಸಮಸ್ಯೆ ಮಾತ್ರವೂ ಅಲ್ಲ. ಅಮೆರಿಕದ ಹೆಸರಾಂತ ವಿಶ್ವವಿದ್ಯಾನಿಲಯಗಳಲ್ಲಿ ನವೆಂಬರ್ ಆರಂಭದಲ್ಲೇ ಅರ್ಜಿ ಹಾಕಿ ಡಿಸೆಂಬರ್ ಮಧ್ಯದಲ್ಲಿ ಉತ್ತರ ಪಡೆಯುವ ‘ಮುಂಚಿತ ಪ್ರವೇಶ’ದ ಪದ್ಧತಿಯಿದೆ. ಅಲ್ಲಿನ ಮಕ್ಕಳೂ ಕ್ರಿಸ್ಮಸ್‌ಗೆ ಮುಂಚಿನ ಆ ವಾರಗಳಲ್ಲಿ ನಿದ್ದೆಗೆಡುತ್ತಾರೆ. 2006ರಲ್ಲಿ ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯಗಳು, ಈ ಪದ್ಧತಿ ಮೊದಲೇ ಅನುಕೂಲವಿದ್ದವರಿಗೆ ಇನ್ನಷ್ಟು ಅನುಕೂಲ ಮಾಡುತ್ತದೆಂಬ ಕಾರಣಕ್ಕೆ ಅದನ್ನು ಕೈಬಿಡುವುದಾಗಿ ಪ್ರಕಟಿಸಿದವು. ಉಳಿದ ಹೆಚ್ಚಿನ ವಿಶ್ವವಿದ್ಯಾನಿಲಯಗಳು ಹಿಂಬಾಲಿಸಲಿಲ್ಲ. 2011ರಲ್ಲಿ ಎರಡೂ ಅದನ್ನು ಮರಳಿ ತಂದವು. ಬೇಗ ಉತ್ತರ ಪಡೆಯುವ ಹಕ್ಕು ಉಳ್ಳವರ ಕಡೆಗೇ ವಾಲುತ್ತದೆ ಎಂಬುದು ತಿಳಿದಿದ್ದರೂ ಪೈಪೋಟಿಯ ಲೋಕದಲ್ಲಿ ಅದನ್ನು ಬಿಡುವುದು ಸುಲಭವಲ್ಲ. ಕರಾವಳಿಯ ಮುಂಗಡ ಸೀಟಿನ ಕಥೆಯೂ ಇದರಿಂದ ದೂರವಿಲ್ಲ.

ಏಪ್ರಿಲ್‌ನಿಂದ ಆಗಸ್ಟ್‌ವರೆಗೆ

ಕರ್ನಾಟಕದಲ್ಲಿ ವೃತ್ತಿಪರ ಕೋರ್ಸುಗಳಿಗೆ ಸಿಇಟಿ ಆರಂಭವಾದದ್ದು 1994ರಲ್ಲಿ. ವಶೀಲಿ, ಕ್ಯಾಪಿಟೇಶನ್ ಎರಡೂ ಇಲ್ಲದೆ ಬಡವರ ಮಗು ಎಂಜಿನಿಯರೋ ವೈದ್ಯನೋ ಆಗಬಹುದೆಂಬ ಆಶೆ ಹುಟ್ಟಿಸಿದ್ದು ಈ ವ್ಯವಸ್ಥೆಯೇ ಎಂಬುದನ್ನು ಮರೆಯಬಾರದು. ಘಟ್ಟದ ಮೇಲಿನ ನಮ್ಮ ಎಷ್ಟೋ ಕುಟುಂಬಗಳ ಮೊದಲ ಪದವೀಧರರು ಈ ಬಾಗಿಲಿನಿಂದಲೇ ಒಳಗೆ ಹೋದವರು. ಆಗೆಲ್ಲ ಅಪ್ಪ ಮಗ ಇಬ್ಬರೂ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ಕೌನ್ಸೆಲಿಂಗ್ ಕೊಠಡಿಯ ಹೊರಗೆ ದಿನವಿಡೀ ಕುಳಿತು, ಸಂಜೆಗೆ ಸೀಟಿನ ಕಾಗದ ಹಿಡಿದುಕೊಂಡೇ ಮರಳುತ್ತಿದ್ದರು. ದಣಿವಿನ ದಿನವಾದರೂ ಅದು ಒಂದು ದಿನ. ಈಗ ಎಲ್ಲವೂ ಆನ್‌ಲೈನ್. ಬೆಂಗಳೂರಿನ ಪ್ರಯಾಣ ತಪ್ಪಿತು, ಕಾಯುವಿಕೆ ಮನೆಗೇ ಬಂದು ತಿಂಗಳುಗಟ್ಟಲೆ ಕುಳಿತಿತು.

2024ನೇ ವರ್ಷವನ್ನೇ ನೋಡೋಣ. ದ್ವಿತೀಯ ಪಿಯುಸಿ ಪರೀಕ್ಷೆ–1ರ ಫಲಿತಾಂಶ ಏಪ್ರಿಲ್ 10ಕ್ಕೆ ಬಂತು. ಏಪ್ರಿಲ್ 18 ಮತ್ತು 19ರಂದು ಸಿಇಟಿ ನಡೆಯಿತು. ನಾಲ್ಕು ವಿಷಯಗಳ ಒಟ್ಟು 240 ಪ್ರಶ್ನೆಗಳಲ್ಲಿ ಹಲವು ಪಠ್ಯಕ್ರಮದಲ್ಲೇ ಇಲ್ಲವೆಂದು ಮಕ್ಕಳು ಅಳುತ್ತಾ ಹೊರಬಂದರು. ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು. ಫಲಿತಾಂಶ ಜೂನ್ 1ಕ್ಕೆ ಬಂತು. ಮೊದಲ ಸುತ್ತಿನ ಸೀಟು ಹಂಚಿಕೆ ಆಗುವಾಗ ಆಗಸ್ಟ್ ಮುಗಿಯುತ್ತಾ ಬಂದಿತ್ತು.

ವೈದ್ಯಕೀಯ ಬಯಸಿದ ಮಕ್ಕಳ ಪಾಡು ಇನ್ನೂ ಕಷ್ಟದ್ದು. ಆ ವರ್ಷ ಮೇ 5ರಂದು ನೀಟ್ ನಡೆದು, ಜೂನ್ 14ಕ್ಕೆ ಬರಬೇಕಾಗಿದ್ದ ಫಲಿತಾಂಶ ಜೂನ್ 4ರಂದೇ ಹೊರಬಿತ್ತು. 67 ಮಂದಿಗೆ 720ಕ್ಕೆ 720 ಅಂಕ ಬಂದದ್ದು ಕಂಡು ದೇಶವೇ ಹುಬ್ಬೇರಿಸಿತು. ಪ್ರಶ್ನೆಪತ್ರಿಕೆ ಸೋರಿಕೆಯ ಆರೋಪಗಳು ಬಂದವು. ಕೃಪಾಂಕ ಪಡೆದ 1,563 ಮಂದಿಗೆ ಜೂನ್ 23ರಂದು ಮರುಪರೀಕ್ಷೆಯ ಅವಕಾಶ ನೀಡಲಾಯಿತು. ಇಡೀ ಪರೀಕ್ಷೆಯನ್ನು ರದ್ದು ಮಾಡಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿದ್ದು ಜುಲೈ 23ರಂದು. ಅಲ್ಲಿಯವರೆಗೆ ಪ್ರಾಮಾಣಿಕವಾಗಿ ಓದಿ ಒಳ್ಳೆಯ ಅಂಕ ಪಡೆದ ಮಗುವಿಗೂ ತನ್ನ ಅಂಕ ಉಳಿಯುತ್ತದೋ ಅಳಿಯುತ್ತದೋ ತಿಳಿದಿರಲಿಲ್ಲ. ಪರೀಕ್ಷೆಗೆ ಮತ್ತೊಮ್ಮೆ ಓದಬೇಕೋ, ಪುಸ್ತಕ ಕಟ್ಟಿಡಬೇಕೋ ಎಂದು ನಿರ್ಧರಿಸಲಾಗದೆ ಮಕ್ಕಳು ಏಳು ವಾರ ಕಳೆದರು. ದೊಡ್ಡವರ ತಪ್ಪಿನ ದಂಡವನ್ನು ಮಕ್ಕಳು ಕಾಯುವ ಮೂಲಕ ತೆತ್ತರು.

ಮಳೆ, ಕರೆಂಟು, ನೆಟ್‌ವರ್ಕ್

ಈಗ ಆ ತಿಂಗಳುಗಳನ್ನು ಕಾಫಿ ಸೀಮೆಯ ಕ್ಯಾಲೆಂಡರಿನ ಪಕ್ಕ ಇಟ್ಟು ನೋಡಿ. ಸೀಟಿನ ಆಯ್ಕೆಗಳನ್ನು ದಾಖಲಿಸಬೇಕಾದ, ಅಣಕು ಹಂಚಿಕೆ ನೋಡಿ ತಿದ್ದಬೇಕಾದ, ಹಂಚಿಕೆಯಾದ ಮೇಲೆ ಒಪ್ಪಿಗೆ ತಿಳಿಸಿ ಶುಲ್ಕ ಕಟ್ಟಬೇಕಾದ ದಿನಗಳು ಬರುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಮಲೆನಾಡಿನಲ್ಲಿ ಮರ ಬಿದ್ದು ತಂತಿ ಹರಿಯುವುದೂ, ಟವರಿನ ಬ್ಯಾಟರಿ ಖಾಲಿಯಾಗಿ ಫೋನು ಮೂಕವಾಗುವುದೂ ಅದೇ ತಿಂಗಳುಗಳಲ್ಲಿ. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿದ ಸುದ್ದಿಯನ್ನು ಎಷ್ಟೋ ಮಳೆಗಾಲಗಳಲ್ಲಿ ಓದಿದ್ದೇವೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಸೀಮೆಯ ಗುಡ್ಡಗಳು ಜರಿದು ಮನೆ, ತೋಟ ಕೊಚ್ಚಿಹೋದಾಗ, ಚಾರ್ಮಾಡಿ ಘಾಟಿ ಮುಚ್ಚಿದಾಗ, ಘಟ್ಟದ ಮೇಲಿನವರು ಮತ್ತು ಕೆಳಗಿನವರು ಒಬ್ಬರನ್ನೊಬ್ಬರು ತಲುಪಲಾಗದೆ ಕುಳಿತದ್ದು ನಮ್ಮ ನೆನಪಿನಿಂದ ಅಳಿದಿಲ್ಲ.

ನಗರದ ಮಗು ಸೋಫಾದಲ್ಲಿ ಕುಳಿತು ಐದು ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ಇಲ್ಲಿನ ತಂದೆ ಮಗಳನ್ನು ಬೈಕಿನ ಹಿಂದೆ ಕೂರಿಸಿಕೊಂಡು, ಪ್ಲಾಸ್ಟಿಕ್ ಹೊದ್ದು, ಸಿಗ್ನಲ್ ಸಿಗುವ ಗುಡ್ಡದ ತಿರುವಿಗೋ ಪೇಟೆಯ ಸೈಬರ್ ಅಂಗಡಿಗೋ ಹೋಗಬೇಕು. ಅಂಗಡಿಯಲ್ಲಿ ಸರದಿ. ಕುಳಿತ ಹುಡುಗನಿಗೆ ಅವಸರ. ಅವನು ಕೇಳಿದ ಪ್ರಶ್ನೆ ತಂದೆಗೆ ಅರ್ಥವಾಗದು, ಮಗಳಿಗೆ ಅರೆ ಅರ್ಥವಾಗುತ್ತದೆ. ಅಲ್ಲಿ ಒತ್ತಿದ ಒಂದು ಗುಂಡಿ ನಾಲ್ಕು ವರ್ಷದ ಬದುಕನ್ನು ನಿರ್ಧರಿಸುತ್ತದೆ.

ಇದು ಅತಿಶಯೋಕ್ತಿಯಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪದ್ಧತಿಯಲ್ಲಿ ಸೀಟು ಹಂಚಿಕೆಯಾದ ಮೇಲೆ ಅಭ್ಯರ್ಥಿಯ ಮುಂದೆ ನಾಲ್ಕು ದಾರಿಗಳಿರುತ್ತವೆ. ಮೊದಲನೆಯದು, ಸಿಕ್ಕ ಸೀಟನ್ನು ಒಪ್ಪಿ ಕಾಲೇಜಿಗೆ ಸೇರುವುದು. ಎರಡನೆಯದು, ಸಿಕ್ಕದ್ದನ್ನು ಉಳಿಸಿಕೊಂಡು ಅದಕ್ಕಿಂತ ಮೇಲಿನ ಆಯ್ಕೆಗಾಗಿ ಮುಂದಿನ ಸುತ್ತಿಗೆ ಹೋಗುವುದು. ಮೂರನೆಯದು, ಸಿಕ್ಕದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದು, ಪೂರ್ತಿ ಹೊರಬರುವುದು. ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ಕಾಗದದ ಮೇಲೆ ಒಂದೇ ಅಂಕಿ. ಬದುಕಿನಲ್ಲಿ ಅದು ಕೈಯಲ್ಲಿದ್ದ ಸೀಟು ಮತ್ತು ಬರಿಗೈ ನಡುವಿನ ವ್ಯತ್ಯಾಸ.

ಆಯ್ಕೆಗಳನ್ನು ಬರೆಯುವ ಕ್ರಮದಲ್ಲೂ ನಮ್ಮವರು ಎಡವುತ್ತಾರೆ. ‘ಹೇಗೂ ಸಿಗಲಿಕ್ಕಿಲ್ಲ’ ಎಂದು ನಿಜವಾಗಿ ಬೇಕಾದ ಕಾಲೇಜನ್ನು ಕೆಳಗೆ ಬರೆದು, ಸಿಗಬಹುದಾದದ್ದನ್ನು ಮೇಲೆ ಬರೆಯುತ್ತಾರೆ. ಮೇಲಿನದು ಸಿಕ್ಕಿದ ಕೂಡಲೇ ಕೆಳಗಿನವೆಲ್ಲ ಹೋದಂತೆಯೇ. ಬೇಕಾದದ್ದನ್ನು ಮೊದಲು ಬರೆದರೆ ನಷ್ಟವೇನೂ ಇಲ್ಲ ಎಂಬ ಒಂದು ಮಾತನ್ನು ಸರಿಯಾದ ದಿನ ಹೇಳುವವರೊಬ್ಬರು ಬೇಕು. ಅಣಕು ಹಂಚಿಕೆಯಲ್ಲಿ ಕಂಡ ಸೀಟು ಅಂತಿಮವಲ್ಲ ಎಂಬುದನ್ನೂ ಹೇಳಬೇಕು. ಅಣಕು ಪಟ್ಟಿ ನೋಡಿ ಸಿಹಿ ಹಂಚಿದ ಮನೆಯೂ ಇದೆ, ಊಟ ಬಿಟ್ಟ ಮಗುವೂ ಇದೆ. ಎರಡೂ ಅನಗತ್ಯ.

ಕಾಗದಪತ್ರಗಳ ಮಾತು

ಕಾಯುವಿಕೆಯ ಆತಂಕದಲ್ಲಿ ಅರ್ಧದಷ್ಟು ಕಾಗದಪತ್ರಗಳದ್ದು. ನಮ್ಮ ಹೆಚ್ಚಿನ ಕಥೋಲಿಕ ಕುಟುಂಬಗಳು ಬರುವ 3ಬಿ ಪ್ರವರ್ಗದ ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮೊದಲೇ ಮಾಡಿಸಿಡಬೇಕು. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇಕಡಾ 15ರ ಗ್ರಾಮೀಣ ಮೀಸಲಾತಿ ಇದೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಇದೆ. ಇವಕ್ಕೆ ಶಾಲೆಯ ವ್ಯಾಸಂಗ ಪತ್ರ, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ಮೇ ತಿಂಗಳಲ್ಲಿ ಒಂದು ವಾರದ ಕೆಲಸವಾದದ್ದು ಜುಲೈ ಮಳೆಯಲ್ಲಿ ಕೊನೆಯ ದಿನಾಂಕದ ಹಿಂದಿನ ಸಂಜೆ ಅಸಾಧ್ಯವಾಗುತ್ತದೆ.

ಇಲ್ಲಿ ಹೆತ್ತವರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಒಳ್ಳೆಯ ಶಾಲೆಯೆಂದು ಐದನೆಯ ಅಥವಾ ಎಂಟನೆಯ ತರಗತಿಗೇ ಮಗುವನ್ನು ಮಂಗಳೂರಿನ ಹಾಸ್ಟೆಲಿಗೆ ಕಳುಹಿಸುವ ರೂಢಿ ಘಟ್ಟದ ಮೇಲೆ ಹಳೆಯದು. ಆದರೆ ಹತ್ತೂ ವರ್ಷ ಹಳ್ಳಿಯಲ್ಲಿ ಓದಿದ್ದರೆ ಮಾತ್ರ ಗ್ರಾಮೀಣ ಮೀಸಲಾತಿ. ಲೈನ್ ಮನೆಯ ಪಕ್ಕದ ಸರ್ಕಾರಿ ಶಾಲೆಯಲ್ಲಿ, ಸಿಸ್ಟರುಗಳು ನಡೆಸುವ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದ ಮಗುವಿಗೆ ಕಾನೂನು ಒಂದು ಕೈ ಆಸರೆ ಕೊಟ್ಟಿದೆ. ಅದು ಗೊತ್ತಿಲ್ಲದೆ ಅರ್ಜಿಯಲ್ಲಿ ಗುರುತು ಹಾಕದೆ ಬಿಟ್ಟವರನ್ನು ನಾವು ಬಲ್ಲೆವು.

ದೂರದ ಸೀಟೇ ದೊಡ್ಡ ಸೀಟು ಎಂಬ ಭ್ರಮೆಯೂ ಕಡಿಮೆಯಾಗಬೇಕಾಗಿದೆ. ಮೂಡಿಗೆರೆಯಲ್ಲೇ ತೋಟಗಾರಿಕೆ ಕಾಲೇಜು ಇದೆ. ಕೃಷಿ, ತೋಟಗಾರಿಕೆ ಪದವಿಗಳಿಗೆ ಸಿಇಟಿ ಮೂಲಕವೇ ಪ್ರವೇಶ, ಕೃಷಿಕರ ಮಕ್ಕಳಿಗೆ ಅದರಲ್ಲಿ ಪ್ರತ್ಯೇಕ ಪಾಲೂ ಇದೆ. ಚಿಕ್ಕಮಗಳೂರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಕಾಫಿ ತೋಟದ ಮಗುವಿಗೆ ಕಾಫಿಯ ಓದು ಯಾಕೆ ಎರಡನೆಯ ದರ್ಜೆಯದಾಗಿ ಕಾಣಬೇಕು? ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ನಮ್ಮ ಜಿಲ್ಲೆಯಲ್ಲೇ ಇದೆ. ಅಲ್ಲಿನ ವಿಜ್ಞಾನಿಯ ಕೆಲಸ ಯಾವ ಸಾಫ್ಟ್‌ವೇರ್ ಕೆಲಸಕ್ಕೂ ಕಡಿಮೆಯದಲ್ಲ.

ನಮ್ಮದೇ ಬಾಗಿಲುಗಳು

ಈ ವಿಷಯದಲ್ಲಿ ಧರ್ಮಸಭೆ ಹೊರಗೆ ನಿಂತು ಉಪದೇಶ ಮಾಡುವಂತಿಲ್ಲ. ಯಾಕೆಂದರೆ ಮಕ್ಕಳು ಕಾಯುತ್ತಾ ನಿಂತಿರುವ ಬಾಗಿಲುಗಳಲ್ಲಿ ಕೆಲವು ನಮ್ಮವೇ. ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆ 1880ರಲ್ಲಿ ಆರಂಭವಾಗಿ 2024ರಲ್ಲಿ ಡೀಮ್ಡ್ ವಿಶ್ವವಿದ್ಯಾನಿಲಯದ ಮಾನ್ಯತೆ ಪಡೆಯಿತು. ಸಂತ ಆಗ್ನೆಸ್ ಕಾಲೇಜು 1921ರದ್ದು. ಫಾದರ್ ಮುಲ್ಲರ್ ವೈದ್ಯಕೀಯ ಕಾಲೇಜು, ಬೆಂಗಳೂರಿನ ಸಂತ ಜಾನ್ಸ್ ವೈದ್ಯಕೀಯ ಕಾಲೇಜು, ವಾಮಂಜೂರಿನ ಸಂತ ಜೋಸೆಫ್ ಎಂಜಿನಿಯರಿಂಗ್ ಕಾಲೇಜು — ಘಟ್ಟದ ಮೇಲಿನ ಕಥೋಲಿಕ ಮನೆಗಳಲ್ಲಿ ಈ ಹೆಸರುಗಳು ಕನಸಿನ ಭಾಷೆಯಲ್ಲೇ ಬರುತ್ತವೆ. ‘ನಮ್ಮದೇ ಕಾಲೇಜಲ್ಲವೇ, ಫಾದರ್ ಒಂದು ಕಾಗದ ಕೊಟ್ಟರೆ ಆಗದೇ?’ ಎಂದು ವಿಚಾರಣಾ ಗುರುಗಳ ಬಾಗಿಲಿಗೆ ಬರುವವರ ಸಂಖ್ಯೆ ಜೂನ್ ತಿಂಗಳಲ್ಲಿ ಹೆಚ್ಚುತ್ತದೆ.

ಇಲ್ಲಿ ಸತ್ಯ ಹೇಳುವುದೇ ಕರುಣೆ. ಅಲ್ಪಸಂಖ್ಯಾತರಿಗೆ ಸಂಸ್ಥೆ ನಡೆಸುವ ಹಕ್ಕು ಸಂವಿಧಾನದ 30ನೇ ವಿಧಿಯಲ್ಲಿದೆ. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 2002ರಲ್ಲಿ, ಇನಾಮ್ದಾರ್ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಆ ಹಕ್ಕಿನ ಗಡಿಗಳನ್ನು ಚರ್ಚಿಸಿದೆ. 2020ರ ಏಪ್ರಿಲ್ 29ರ ತೀರ್ಪಿನಲ್ಲಿ, ವೈದ್ಯಕೀಯ ಪ್ರವೇಶಕ್ಕೆ ನೀಟ್ ಅಲ್ಪಸಂಖ್ಯಾತ ಸಂಸ್ಥೆಗಳಿಗೂ ಕಡ್ಡಾಯವೆಂದು ಸ್ಪಷ್ಟವಾಗಿ ಹೇಳಿತು. ಕ್ರೈಸ್ತ ಅಲ್ಪಸಂಖ್ಯಾತ ಸೀಟುಗಳಿವೆ, ಆದರೆ ಅವೂ ಅರ್ಹತೆಯ ಕ್ರಮದಲ್ಲೇ ತುಂಬುತ್ತವೆ. ಅದಕ್ಕೆ ಬೇಕಾದ ಜ್ಞಾನಸ್ನಾನದ ಪತ್ರವನ್ನು ಸಕಾಲದಲ್ಲಿ ಕೊಡುವುದು ಧರ್ಮಕೇಂದ್ರದ ಕರ್ತವ್ಯ. ರ್‍ಯಾಂಕ್ ಪಟ್ಟಿಯನ್ನು ದಾಟಿಸುವ ಕಾಗದ ಯಾವ ಗುರುಗಳ ಕೈಯಲ್ಲೂ, ಬಿಷಪರ ಕೈಯಲ್ಲೂ ಇಲ್ಲ. ‘ನೋಡುವಾ, ಮಾತಾಡುವಾ’ ಎಂಬ ಸೌಜನ್ಯದ ಸುಳ್ಳು ಒಂದು ಕುಟುಂಬವನ್ನು ಇನ್ನೂ ಎರಡು ತಿಂಗಳು ಕಾಯಿಸುತ್ತದೆ. ಆ ಎರಡು ತಿಂಗಳಲ್ಲಿ ಬೇರೆ ಬಾಗಿಲುಗಳು ಮುಚ್ಚುತ್ತವೆ.

ನಮ್ಮ ಸಂಸ್ಥೆಗಳ ಆಡಳಿತದವರಲ್ಲೂ ವಿನಯದಿಂದ ಕೇಳಿಕೊಳ್ಳುವುದಿದೆ. ಕೊಡಲಾಗದ ಸೀಟಿಗೆ ‘ಇಲ್ಲ’ ಎಂದು ಬೇಗ ಹೇಳಿ. ಕಾಯುವ ಪಟ್ಟಿಯಲ್ಲಿಟ್ಟಿದ್ದರೆ ಎಷ್ಟನೆಯ ಸ್ಥಾನ, ಎಂದಿನವರೆಗೆ ಎಂಬುದನ್ನು ತಿಳಿಸಿ. ಕಟ್ಟಿದ ಹಣದ ವಿಷಯದಲ್ಲಿ ನಿಯಮವನ್ನು ಫಲಕದಲ್ಲೇ ಹಾಕಿ. 2024–25ನೇ ಸಾಲಿಗೆ ಯುಜಿಸಿ ಹೊರಡಿಸಿದ ನೀತಿಯಂತೆ, ಸೆಪ್ಟೆಂಬರ್ 30ರೊಳಗೆ ಪ್ರವೇಶ ರದ್ದು ಮಾಡಿದವರಿಗೆ ಪೂರ್ತಿ ಶುಲ್ಕ ಮರಳಿಸಬೇಕಾಗಿತ್ತು, ಅಕ್ಟೋಬರ್ 31ರವರೆಗೆ ಹೆಚ್ಚೆಂದರೆ 1,000 ರೂಪಾಯಿ ಮಾತ್ರ ಹಿಡಿಯಬಹುದಾಗಿತ್ತು. ಇದು ಪದವಿ ಮತ್ತು ಮೇಲಿನ ತರಗತಿಗಳ ಮಾತು. ಪಿಯು ಸೀಟಿಗೆ ಕಟ್ಟುವ ಮುಂಗಡಕ್ಕೆ ಈ ರಕ್ಷಣೆ ಇಲ್ಲ. ಆದ್ದರಿಂದ ರಸೀದಿ ಇಲ್ಲದೆ, ಮರುಪಾವತಿಯ ಷರತ್ತು ಓದದೆ ಯಾರೂ ಮುಂಗಡ ಕಟ್ಟಬೇಡಿ. ಸಾಲ ತಂದು ಕಟ್ಟಿದ ಮುಂಗಡ ಮುಳುಗಿದರೆ ಆ ಮನೆಯ ಮುಂದಿನ ಮಗುವಿನ ಓದಿಗೂ ಕುತ್ತು. ಸಿಇಟಿ, ನೀಟ್ ಮೂಲಕ ಆಯ್ಕೆಯಾದ ಅಲ್ಪಸಂಖ್ಯಾತ ಮಕ್ಕಳಿಗೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಯೋಜನೆ ಇದೆ ಎಂಬುದೂ ತಿಳಿದಿರಲಿ.

ಧರ್ಮಕೇಂದ್ರ ಏನು ಮಾಡಬಹುದು?

ಎಲ್ಲರಿಗೂ ಸೀಟು ಕೊಡಿಸಲು ಧರ್ಮಕೇಂದ್ರಕ್ಕೆ ಸಾಧ್ಯವಿಲ್ಲ. ಆದರೆ ಯಾವ ಮಗುವೂ ಒಂಟಿಯಾಗಿ, ಮಾಹಿತಿಯಿಲ್ಲದೆ, ಅವಮಾನಪಟ್ಟು ಕಾಯದಂತೆ ನೋಡಿಕೊಳ್ಳಲು ಸಾಧ್ಯವಿದೆ. ಅದಕ್ಕೆ ದೊಡ್ಡ ಯೋಜನೆಯೇನೂ ಬೇಡ.

ಮೇ ತಿಂಗಳ ಒಂದು ಭಾನುವಾರ ಪೂಜೆಯ ನಂತರ ಪಿಯುಸಿ ಮುಗಿಸಿದ ಮಕ್ಕಳನ್ನೂ ಹೆತ್ತವರನ್ನೂ ಕೂರಿಸಿ, ಬೇಕಾದ ಪತ್ರಗಳ ಪಟ್ಟಿಯನ್ನು ಕೊಟ್ಟರೆ ಅರ್ಧ ಭಾರ ಇಳಿಯುತ್ತದೆ. ಹಿಂದಿನ ವರ್ಷ ಸೀಟು ಪಡೆದ ನಮ್ಮದೇ ಐಸಿವೈಎಂ ಯುವಜನರಿಗಿಂತ ಒಳ್ಳೆಯ ಮಾರ್ಗದರ್ಶಕರು ಬೇರೆಯಿಲ್ಲ. ಆಯ್ಕೆ ದಾಖಲಿಸುವ ದಿನಗಳಲ್ಲಿ ಇಗರ್ಜಿಯ ಸಭಾಭವನವನ್ನೋ ಕಾನ್ವೆಂಟಿನ ಒಂದು ಕೋಣೆಯನ್ನೋ ತೆರೆದಿಟ್ಟು, ಜನರೇಟರ್ ಹಾಕಿ, ಇಂಟರ್ನೆಟ್ ಇರುವ ಒಂದು ಕಂಪ್ಯೂಟರ್ ಇಟ್ಟರೆ ಸಾಕು. ಯಾವ ಧರ್ಮದ ಮಗು ಬಂದರೂ ಬಾಗಿಲು ತೆರೆದಿರಲಿ. ಮಳೆ ಎಲ್ಲರ ಮನೆಯ ಕರೆಂಟನ್ನೂ ತೆಗೆಯುತ್ತದೆ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆ ವರ್ಷದ ಸೂಚನಾ ಪುಸ್ತಕವನ್ನು ಒಬ್ಬರಾದರೂ ಪೂರ್ತಿ ಓದಿರಬೇಕು. ಪಾಸ್‌ವರ್ಡ್, ಒಟಿಪಿ ಮಾತ್ರ ಮಗುವಿನ ಕೈಯಲ್ಲೇ ಇರಲಿ, ಕೊನೆಯ ಗುಂಡಿಯನ್ನು ಅದೇ ಒತ್ತಲಿ.

ಘಟ್ಟದ ಕೆಳಗಿನ ಧರ್ಮಕೇಂದ್ರಗಳಿಗೂ ಇದರಲ್ಲಿ ಪಾಲಿದೆ. ಒಂದು ಕಾಲದಲ್ಲಿ ಕರಾವಳಿಯಿಂದ ಘಟ್ಟ ಹತ್ತಿ ಬಂದವರ ಮಕ್ಕಳು, ಮೊಮ್ಮಕ್ಕಳು ಈಗ ಓದಿಗಾಗಿ ಘಟ್ಟ ಇಳಿಯುತ್ತಿದ್ದಾರೆ. 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ಸ್ಥಾಪನೆಯಾದ ಮೇಲೂ ಕರಾವಳಿಯೊಂದಿಗಿನ ರಕ್ತಸಂಬಂಧ ಕಡಿದಿಲ್ಲ. ಪ್ರವೇಶಕ್ಕೆ ಬಂದ ದಿನ ಮಳೆಯಲ್ಲಿ ನೆನೆದ ತಂದೆ ಮಗಳಿಗೆ ಒಂದು ರಾತ್ರಿಯ ತಂಗುದಾಣ, ಹಾಸ್ಟೆಲಿನ ವಿವರ ಕೊಡಬಲ್ಲ ಒಬ್ಬ ಗುರಿಕಾರ, ಇಷ್ಟು ಕರಾವಳಿಯ ಯಾವ ವಾಳೆಯಿಂದಲೂ ಆಗಬಹುದಾದ ಸೇವೆ.

ಇನ್ನು ನಮ್ಮ ಸನ್ಮಾನಗಳ ಬಗ್ಗೆ. ಹಬ್ಬದ ದಿನ ಹೆಚ್ಚು ಅಂಕ ಪಡೆದವರನ್ನು ವೇದಿಕೆಗೆ ಕರೆಯುತ್ತೇವೆ, ಫ್ಲೆಕ್ಸ್ ಹಾಕುತ್ತೇವೆ. ಒಳ್ಳೆಯದೇ. ಆದರೆ ಕೆಳಗೆ ಕುಳಿತು ಚಪ್ಪಾಳೆ ತಟ್ಟುವ, ಇನ್ನೂ ಸೀಟು ಸಿಗದ ಮಗುವಿನ ಮುಖವನ್ನೂ ಒಮ್ಮೆ ನೋಡೋಣ. ಐಟಿಐ ಸೇರಿದವನು, ನರ್ಸಿಂಗ್ ಸೇರಿದವಳು, ಮನೆಯ ಕಷ್ಟಕ್ಕೆ ಓದು ಬಿಟ್ಟು ಪಲ್ಪರ್ ಮನೆಯಲ್ಲಿ ದುಡಿಯುವವನು ಇವರೆಲ್ಲರಿಗೂ ಆ ವೇದಿಕೆಯಲ್ಲಿ ಒಂದು ಜಾಗ ಬೇಕು.

ಜೀವಕ್ಕಿಂತ ದೊಡ್ಡ ಸೀಟಿಲ್ಲ

ಹೇಳಲು ನೋವಾಗುವ, ಆದರೆ ಹೇಳದೆ ಬಿಡಲಾಗದ ಮಾತೊಂದಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಅಂಕಿಅಂಶದಂತೆ 2022ರಲ್ಲಿ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಎಲ್ಲದಕ್ಕೂ ಪರೀಕ್ಷೆಯೇ ಕಾರಣವಲ್ಲ. ಆದರೂ ಫಲಿತಾಂಶದ, ಸೀಟಿನ ದಿನಗಳಲ್ಲಿ ಮಗು ಊಟ ಬಿಟ್ಟರೆ, ರಾತ್ರಿಯೆಲ್ಲ ಎಚ್ಚರವಿದ್ದರೆ, ಗೆಳೆಯರ ಕರೆಗೆ ಉತ್ತರಿಸದಿದ್ದರೆ, ‘ನಾನಿದ್ದು ಏನು ಪ್ರಯೋಜನ’ ಎಂಬಂಥ ಮಾತಾಡಿದರೆ ಅದನ್ನು ‘ನಾಟಕ’ವೆಂದು ತಳ್ಳಬೇಡಿ. ಪಕ್ಕದಲ್ಲಿ ಕುಳಿತು ನೇರವಾಗಿ ಕೇಳಿ. ಒಂಟಿಯಾಗಿ ಬಿಡಬೇಡಿ. ವೈದ್ಯರಲ್ಲಿಗೆ ಕರೆದೊಯ್ಯಲು ನಾಚಿಕೆ ಬೇಡ. ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಹಗಲೂ ರಾತ್ರಿಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆ ನಮ್ಮ ಪ್ರತಿಯೊಂದು ಇಗರ್ಜಿಯ ಸೂಚನಾ ಫಲಕದಲ್ಲಿರಲಿ.

ಹೆತ್ತವರಲ್ಲಿ ಒಂದು ಮಾತು. ‘ನಿನಗಾಗಿ ಎಷ್ಟು ಖರ್ಚು ಮಾಡಿದ್ದೇವೆ ಗೊತ್ತಾ?’ ಎಂಬ ಪ್ರಶ್ನೆಯನ್ನು ಈ ಮೂರು ತಿಂಗಳ ಮಟ್ಟಿಗಾದರೂ ಮನೆಯಿಂದ ಹೊರಗಿಡಿ. ಮಗುವಿಗೆ ಅದು ಗೊತ್ತಿದೆ. ಗೊತ್ತಿರುವುದೇ ಅದರ ಭಾರ. ಪಟ್ಟಿ ಬರುವ ಮೊದಲೇ ಒಂದು ಸಂಜೆ ಜಪಮಾಲೆ ಮುಗಿದ ಮೇಲೆ, ‘ಏನೇ ಬರಲಿ, ಮುಂದಿನ ದಾರಿ ಒಟ್ಟಿಗೆ ನೋಡೋಣ’ ಎಂದು ಹೇಳಿಬಿಡಿ. ಪಟ್ಟಿ ಬಂದ ಮೇಲೆ ಹೇಳಿದರೆ ಅದು ಸಮಾಧಾನವಾಗುತ್ತದೆ. ಮೊದಲೇ ಹೇಳಿದರೆ ಆಸರೆಯಾಗುತ್ತದೆ.

ಪರೀಕ್ಷೆ ಬರೆಯುವವರ ಪಾಲಕರೆಂದು ಧರ್ಮಸಭೆ ಗೌರವಿಸುವ ಕುಪರ್ತೀನೊದ ಸಂತ ಜೋಸೆಫರು 17ನೇ ಶತಮಾನದ ಇಟಲಿಯವರು. ಓದಿನಲ್ಲಿ ಬಹಳ ಹಿಂದೆ. ಹಲವು ಬಾಗಿಲುಗಳು ಅವರಿಗೆ ಮುಚ್ಚಿದ್ದವು. ಮಠದವರು ಅವರನ್ನು ಕೊನೆಗೆ ಒಳಗೆ ಬಿಟ್ಟದ್ದು ಹಟ್ಟಿಯ ಕೆಲಸಕ್ಕೆ. ಗುರುದೀಕ್ಷೆಗೆ ಮುನ್ನ ನಡೆದ ಪರೀಕ್ಷೆಯಲ್ಲಿ ತಾವು ಬಲ್ಲ ಒಂದೇ ಭಾಗದಿಂದ ಪ್ರಶ್ನೆ ಬಂದು ಉತ್ತೀರ್ಣರಾದರೆಂದು ಅವರ ಚರಿತ್ರೆ ಹೇಳುತ್ತದೆ. ಸೆಪ್ಟೆಂಬರ್ 18 ಅವರ ಹಬ್ಬ. ಮಕ್ಕಳು ಅವರಲ್ಲಿ ಬೇಡುವುದು ಸಾಮಾನ್ಯವಾಗಿ ಗೊತ್ತಿರುವ ಪ್ರಶ್ನೆ ಬರಲೆಂದು. ಆದರೆ ಆ ಸಂತರ ಬದುಕಿನ ಪಾಠ ಬೇರೆಯೂ ಇದೆ: ಮುಚ್ಚಿದ ಬಾಗಿಲುಗಳ ಲೆಕ್ಕ ಇಟ್ಟವರು ಮನುಷ್ಯರು, ಅವರನ್ನು ಯೋಗ್ಯರೆಂದು ಕಂಡವನು ದೇವರು. ದೇವರ ಕರೆ ಒಂದೇ ಕಾಲೇಜಿನ ವಿಳಾಸಕ್ಕೆ ಅಂಟಿಕೊಂಡಿರುವುದಿಲ್ಲ.

ಹೂಮಳೆ ಯಾರ ಕೈಯಲ್ಲೂ ಇಲ್ಲ. ಆದರೆ ಮಳೆ ತಡವಾದ ವರ್ಷ ಕೆರೆಯಲ್ಲಿ ನೀರಿದ್ದವರು ಬೇಲಿಯಾಚೆಗೆ ಒಂದು ಪೈಪು ದಾಟಿಸಿದ್ದು, ಆ ಎರಡೆಕರೆಯೂ ಬೆಳ್ಳಗೆ ಹೂ ಬಿಟ್ಟದ್ದು ಈ ಬೆಟ್ಟಗಳಲ್ಲಿ ಉಂಟು. ಮುಂದಿನ ಭಾನುವಾರ ಇಗರ್ಜಿಯ ಮೆಟ್ಟಿಲಲ್ಲಿ ಆ ಹುಡುಗಿ ಎದುರಾದಾಗ ‘ಸೀಟೆಲ್ಲಾಯ್ತು?’ ಎನ್ನುವ ಬದಲು ‘ಹೇಗಿದ್ದೀಯಾ ಮಗಾ? ಕಾಗದಪತ್ರ ಎಲ್ಲ ಆಯ್ತಾ? ಏನಾದರೂ ಬೇಕಾ?’ ಎಂದು ಕೇಳೋಣ. ಪೈಪು ದಾಟಿಸುವ ಕೆಲಸ ಅಲ್ಲಿಂದಲೇ ಆರಂಭವಾಗಲಿ.